ಲೆಕ್ಕ ಒಪ್ಪಿಸುವ ಹೊಣೆ ಯಾರದು?

ಪ್ರಜೆಗಳ ಸ್ಥಿತಿಗತಿಗಳನ್ನು ಅರಿಯದೆ ರಾಜ್ಯವನ್ನಾಳುವುದು ಕಣ್ಣು ಕಟ್ಟಿಕೊಂಡು ಬಂಡಿ ಹೊಡೆದಂತೆ ಎಂಬುದನ್ನು ನಮ್ಮ ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಗೋಪನೆಂಬ ಅಧಿಕಾರಿಯ ವಿಚಾರ ಬಂದಿದೆ. ಐದು ಅಥವಾ ಹತ್ತು ಗ್ರಾಮಗಳಿಗೆ ಒಬ್ಬ ಗೋಪ. ಹೊಲಗಳೆಷ್ಟು, ಮನೆಗಳೆಷ್ಟು, ಒಂದೊಂದು ಮನೆಯಲ್ಲಿ ಗಂಡಸರು ಹೆಂಗಸರು ಬಾಲರು ವೃದ್ಧರು ಎಷ್ಟೆಷ್ಟು, ಅವರ ಕಸುಬೇನು, ಆಯವೆಷ್ಟು, ವ್ಯಯವೆಷ್ಟು ಎಂಬುದೆಲ್ಲವನ್ನೂ ಅವನು ಬರೆದಿಡತಕ್ಕುದು. ಅವನ ಮೇಲೆ ಸ್ಥಾನಿಕ, ಸ್ಥಾನಿಕನ ಮೇಲೆ ಸಮಾಹರ್ತೃ. ಇಷ್ಟಕ್ಕೇ ನಿಲ್ಲದೆ, ಗೃಹಸ್ಥರ ವೇಷದ ಚಾರರನ್ನು ಹಳ್ಳಿಗಳಿಗೆ ಕಳುಹಿಸಿ, ಗೋಪನು ಬರೆದ ಲೆಕ್ಕವು ದಿಟವೇ ಎಂದು ಒರೆಗೆ ಹಚ್ಚಿ ನೋಡಬೇಕೆಂದೂ ಕೌಟಿಲ್ಯನು ವಿಧಿಸಿದ್ದಾನೆ. ಅವನು ಸಂಶಯಪಡದ ವಸ್ತುವೇ ಲೋಕದಲ್ಲಿಲ್ಲವೆಂದು ಹೇಳುವವರುಂಟು, ಅದಿರಲಿ. ಪ್ರಜೆಯ ವಿಷಯವಾಗಿ ಬರೆದ ಕಡತವನ್ನು ಕೂಡ ಸಂಶಯಿಸಿ ನೋಡಬೇಕೆಂಬ ಈ ಎಚ್ಚರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇಂದು ಗೋಪನ ಸ್ಥಾನದಲ್ಲಿ ಕಂಪ್ಯೂಟರು ಬಂದಿದೆ. ಗೋಪನು ಹೊಸ್ತಿಲಿಗೆ ಬಂದು, ಮನೆಯ ಯಜಮಾನನನ್ನು ಕೇಳಿ ಬರೆದುಕೊಳ್ಳುತ್ತಿದ್ದನು. ಈಗ ಕೇಳುವವನು ಕಣ್ಣಿಗೆ ಕಾಣುವುದಿಲ್ಲ. ಅಂಗಡಿಯಲ್ಲಿ ಹಣ ಸಲ್ಲಿಸಿದಾಗ, ಮೊಬೈಲಿನಲ್ಲಿ ಮಾತಾಡಿದಾಗ, ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದಾಗ, ರೇಷನ್ ಅಂಗಡಿಯಲ್ಲಿ ಬೆರಳೊತ್ತಿದಾಗ ಮನುಷ್ಯನ ಬಾಳಿನ ಒಂದೊಂದು ಗುರುತು ಎಲ್ಲಿಯೋ ದಾಖಲಾಗುತ್ತಿರುತ್ತದೆ. ಹೀಗೆ ಕೋಟಿ ಕೋಟಿ ಜನರಿಂದ ಕೂಡಿಬಂದ ದತ್ತಾಂಶದ ರಾಶಿಗೆ ‘ಬಿಗ್ ಡೇಟಾ’ ಎಂಬ ಹೆಸರು ರೂಢಿಗೆ ಬಂದಿದೆ. ಇದನ್ನು ಶೋಧಿಸಿ ನೋಡಿದರೆ ಎಲ್ಲಿ ಹಸಿವಿದೆ, ಎಲ್ಲಿ ರೋಗವಿದೆ, ಯಾವ ಯೋಜನೆಯ ಹಣ ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ಸರಕಾರಗಳು ಬೇಗನೆ ತಿಳಿಯಬಹುದು, ತಿಳಿದು ಮೇಲಾದ ನೀತಿಗಳನ್ನು ರೂಪಿಸಬಹುದು ಎಂಬುದು ಇಂದಿನ ಆಡಳಿತಜ್ಞರ ಆಶೆ.

ಈ ಆಶೆ ನಿರಾಧಾರವಾದುದೆಂದು ಹೇಳಲಾಗದು. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭಯಂಕರವಾದ ಭೂಕಂಪವಾಯಿತು. ರಾಜಧಾನಿಯಾದ ಪೋರ್ಟ್-ಒ-ಪ್ರಿನ್ಸ್ ನಗರ ನೆಲಸಮವಾಗಿ, ಉಳಿದ ಜನ ದಿಕ್ಕುದಿಕ್ಕಿಗೆ ಚೆದರಿದರು. ಅಕ್ಕಿಯನ್ನೂ ಔಷಧವನ್ನೂ ತಂದವರಿಗೆ, ಜನ ಎಲ್ಲಿದ್ದಾರೆಂಬುದೇ ತಿಳಿಯದಾಯಿತು. ಆಗ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆ ಮತ್ತು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಗಳ ವಿದ್ವಾಂಸರು ಆ ದೇಶದ ಮೊಬೈಲು ಕಂಪನಿಯೊಂದರಿಂದ ಸುಮಾರು 19 ಲಕ್ಷ ಸಿಮ್ ಕಾರ್ಡುಗಳ ಚಲನವಲನದ ದಾಖಲೆಯನ್ನು ಪಡೆದರು. ಅವುಗಳಲ್ಲಿ ಯಾರ ಹೆಸರೂ ಇರಲಿಲ್ಲ. ಹತ್ತೊಂಬತ್ತು ದಿನಗಳಲ್ಲಿ ಸುಮಾರು 6,30,000 ಜನ ರಾಜಧಾನಿಯನ್ನು ಬಿಟ್ಟು ಹೋದರೆಂದೂ, ಯಾವ ಯಾವ ಪ್ರಾಂತಕ್ಕೆ ಎಷ್ಟೆಷ್ಟು ಜನ ಹೋಗಿ ಸೇರಿದರೆಂದೂ ಅವರು ಲೆಕ್ಕ ಹಾಕಿದರು. ಅದೇ ವರ್ಷ ಅಲ್ಲಿ ಕಾಲರಾ ಬಂದಾಗಲೂ, ಬೇನೆ ಹುಟ್ಟಿದ ಊರಿನಿಂದ ಜನ ಎತ್ತ ಹೋಗುತ್ತಿದ್ದಾರೆಂಬುದನ್ನು ಇದೇ ರೀತಿಯಲ್ಲಿ ತಿಳಿದರು. ಹಸಿದವನಿರುವ ಎಡೆಗೆ ಅನ್ನವನ್ನು ಒಯ್ಯಬೇಕೆಂಬ ದಾಸೋಹಬುದ್ಧಿಗೆ ಇಂತಹ ಲೆಕ್ಕವು ದೊಡ್ಡ ಸಹಾಯಕ. ಲೆಕ್ಕದಲ್ಲಿ ನೂರಾರು ಜನ ಹೆಚ್ಚುಕಡಿಮೆಯಾದರೂ ಅಲ್ಲಿ ಅನರ್ಥವಿಲ್ಲ. ಒಂದು ಬಂಡಿ ಅಕ್ಕಿ ಹೆಚ್ಚು ಹೋದೀತು, ಅಷ್ಟೆ.

ಸಮೂಹದ ಲೆಕ್ಕವೂ ತಪ್ಪುವುದುಂಟೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಗೂಗಲ್ ಕಂಪನಿಯು 2008ರಲ್ಲಿ, ಜನ ಕಂಪ್ಯೂಟರಿನಲ್ಲಿ ಏನನ್ನು ಹುಡುಕುತ್ತಾರೆಂಬುದರ ಮೇಲಿಂದ ಶೀತಜ್ವರದ ಹರಡುವಿಕೆಯನ್ನು ಅಳೆಯಲು ಹೊರಟಿತು. ಮೊದಲು ಲೋಕವೆಲ್ಲ ಬೆರಗಾಯಿತು. 2012-13ರ ಚಳಿಗಾಲದಲ್ಲಿ ಆ ಲೆಕ್ಕವು ಅಮೆರಿಕ ಸರಕಾರದ ಆರೋಗ್ಯ ಇಲಾಖೆ ಕಂಡುಕೊಂಡುದಕ್ಕಿಂತ ಸುಮಾರು ಇಮ್ಮಡಿಯಾಗಿ ಬಂದಿತು. ಜ್ವರದ ಭಯದಿಂದ ಹುಡುಕಿದವನೂ ಜ್ವರ ಬಂದು ಹುಡುಕಿದವನೂ ಯಂತ್ರಕ್ಕೆ ಒಂದೇ ಆಗಿ ಕಂಡರೆ ಇನ್ನೇನಾದೀತು?

ಆದರೆ ಇಲ್ಲಿ ವಿಚಾರಿಸಬೇಕಾಗಿರುವ ಧರ್ಮಸೂಕ್ಷ್ಮ ಬೇರೆ. ಸಮೂಹಕ್ಕೆ ಅನ್ನ ಕಳುಹಿಸಲು ಸಾಕಾದ ಲೆಕ್ಕವು, ಒಬ್ಬ ಮನುಷ್ಯನನ್ನು ನಿಲ್ಲಿಸಿ ‘ನೀನು ಕಳ್ಳ’ ಎಂದು ಹೇಳಲು ಸಾಕೇ? ಸಾಲದೆಂಬುದನ್ನು ಆಸ್ಟ್ರೇಲಿಯ ದೇಶವು ಬಹು ಬೆಲೆ ತೆತ್ತು ಕಲಿತುಕೊಂಡಿದೆ. ಆ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿಯುವುದು ಒಳ್ಳೆಯದು.

ಆಸ್ಟ್ರೇಲಿಯದಲ್ಲಿ ಕೆಲಸವಿಲ್ಲದವರಿಗೆ, ರೋಗಿಗಳಿಗೆ, ವಿದ್ಯಾರ್ಥಿಗಳಿಗೆ ಸರಕಾರವು ಸಹಾಯಧನವನ್ನು ಕೊಡುತ್ತದೆ. ಅದನ್ನು ಎರಡು ವಾರಗಳಿಗೊಮ್ಮೆ, ಅಂದರೆ ಪಕ್ಷಕ್ಕೊಮ್ಮೆ, ಹಂಚುವುದು ರೂಢಿ. ಆ ಪಕ್ಷದಲ್ಲಿ ಫಲಾನುಭವಿಯು ದುಡಿದು ಗಳಿಸಿದ್ದರೆ ಅದಕ್ಕೆ ತಕ್ಕಂತೆ ಸಹಾಯಧನ ಕಡಿಮೆಯಾಗುತ್ತದೆ. ಇತ್ತ ತೆರಿಗೆ ಕಚೇರಿಯಲ್ಲಿ ಪ್ರತಿಯೊಬ್ಬನ ಇಡೀ ವರ್ಷದ ವರಮಾನದ ಮೊತ್ತವಿರುತ್ತದೆ. ಈ ಎರಡು ಕಡತಗಳನ್ನು ಕಂಪ್ಯೂಟರಿನಿಂದ ಜೋಡಿಸಿ ನೋಡಿದರೆ ಸುಳ್ಳು ಹೇಳಿ ಹಣ ಪಡೆದವರು ಸಿಕ್ಕಿಬೀಳುವರೆಂದು ಸರಕಾರವು ಭಾವಿಸಿತು. 2015ರಲ್ಲಿ ಯೋಜನೆ ಪ್ರಾರಂಭವಾಯಿತು. 2016ರಲ್ಲಿ ಯಂತ್ರವೇ ತಾನಾಗಿ ನೋಟೀಸು ಕಳುಹಿಸುವಷ್ಟು ಬೆಳೆಯಿತು. ಹಿಂದೆ ವರ್ಷಕ್ಕೆ ಸುಮಾರು 20,000 ಪ್ರಕರಣಗಳನ್ನು ಅಧಿಕಾರಿಗಳು ವಿಚಾರಿಸುತ್ತಿದ್ದರು. ಈಗ ವಾರಕ್ಕೆ 20,000 ನೋಟೀಸುಗಳು ಹೊರಡತೊಡಗಿದವು. ಜನರು ಇದಕ್ಕೆ ‘ರೋಬೋಡೆಟ್’, ಅಂದರೆ ಯಂತ್ರ ಹೊರಿಸಿದ ಸಾಲ, ಎಂದು ಹೆಸರಿಟ್ಟರು.

ತಪ್ಪು ಎಲ್ಲಿತ್ತೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಬ್ಬನು ವರ್ಷದ ಮೊದಲ ಆರು ತಿಂಗಳು ದುಡಿದು 26,000 ಡಾಲರು ಗಳಿಸಿದನೆಂದು ಇಟ್ಟುಕೊಳ್ಳೋಣ. ಆಮೇಲೆ ಕೆಲಸ ಹೋಯಿತು. ಉಳಿದ ಆರು ತಿಂಗಳು ಏನೂ ಗಳಿಕೆಯಿಲ್ಲದೆ ಸಹಾಯಧನದಿಂದ ಹೊಟ್ಟೆ ಹೊರೆದನು. ಅವನು ಸುಳ್ಳು ಹೇಳಿಲ್ಲ, ಕಾಯಿದೆಯನ್ನು ಮೀರಿಲ್ಲ. ಯಂತ್ರವೇನು ಮಾಡಿತು? ವರ್ಷದ 26,000 ಡಾಲರನ್ನು ವರ್ಷದಲ್ಲಿರುವ 26 ಪಕ್ಷಗಳಿಗೆ ಸರಿಯಾಗಿ ಹಂಚಿ, ಪಕ್ಷಕ್ಕೆ 1,000 ಡಾಲರು ಎಂದು ಬರೆದುಕೊಂಡಿತು. ಹೀಗಾಗಿ ಅವನು ಕೈ ಬರಿದಾಗಿ ಕುಳಿತಿದ್ದ ಪಕ್ಷಗಳಲ್ಲಿಯೂ ಸಾವಿರ ಡಾಲರು ಗಳಿಸಿ ಮುಚ್ಚಿಟ್ಟವನಂತೆ ಕಂಡುಬಂದನು. ನಮ್ಮ ಕಡೆ ಸುಗ್ಗಿಯ ಮೂರು ತಿಂಗಳು ಮಾತ್ರ ಕೂಲಿ ಕಂಡವನಿಗೆ, ಆ ಕೂಲಿಯನ್ನು ಹನ್ನೆರಡು ತಿಂಗಳಿಗೆ ಹಂಚಿ, ‘ಬೇಸಿಗೆಯಲ್ಲಿಯೂ ನಿನಗೆ ಕೂಲಿ ಇತ್ತು, ಆಗ ಕೊಟ್ಟ ಕಾಳನ್ನು ಹಿಂದಿರುಗಿಸು’ ಎಂದು ಹೇಳಿದರೆ ಹೇಗಾದೀತೋ ಹಾಗೆಯೇ ಇದು.

ಹಿಂದಿನ ಅಧಿಕಾರಿಗಳಿಗೂ ಇಂತಹ ಸಂಶಯ ಬರುತ್ತಿತ್ತು. ಬಂದಾಗ ಅವರು ಕೆಲಸ ಕೊಟ್ಟ ಧಣಿಗೆ ಪತ್ರ ಬರೆದು ನಿಜಸ್ಥಿತಿಯನ್ನು ವಿಚಾರಿಸುತ್ತಿದ್ದರು. ಹೊಸ ಏರ್ಪಾಡಿನಲ್ಲಿ ಆ ಶ್ರಮವನ್ನು ಇಲಾಖೆಯು ಬಿಟ್ಟುಕೊಟ್ಟಿತು. ಹಲವು ವರ್ಷಗಳ ಹಿಂದಿನ ಸಂಬಳದ ಚೀಟಿಗಳನ್ನು ಹುಡುಕಿ ತಂದು ನಿರಪರಾಧಿಯೆಂದು ತೋರಿಸಿಕೊಳ್ಳುವ ಹೊಣೆ ಬಡವನ ಮೇಲೆ ಬಿತ್ತು. ಆ ಹೊತ್ತಿಗೆ ಅಂಗಡಿ ಮುಚ್ಚಿರಬಹುದು, ಧಣಿ ಸತ್ತಿರಬಹುದು, ಚೀಟಿ ಕಳೆದಿರಬಹುದು. ಮೊದಮೊದಲಿನ ಪತ್ರಗಳಲ್ಲಿ, ಯಾರನ್ನು ಕೇಳಬೇಕೆಂಬ ದೂರವಾಣಿಯ ಸಂಖ್ಯೆ ಕೂಡ ಇರಲಿಲ್ಲ. ಉತ್ತರ ಕೊಡದವನ ಮೇಲೆ ಸಾಲ ಖಾಯಂ ಆಗುತ್ತಿತ್ತು. ಅನೇಕರಿಗೆ ಅದರ ಮೇಲೆ ನೂರಕ್ಕೆ ಹತ್ತರಂತೆ ದಂಡವೂ ಸೇರುತ್ತಿತ್ತು. ಸಾಲ ವಸೂಲಿಯ ಏಜೆಂಟರು ಮನೆಗಳಿಗೆ ಕರೆ ಮಾಡತೊಡಗಿದರು. ಈ ಆಘಾತದಲ್ಲಿ ತಮ್ಮ ಮಕ್ಕಳು ಪ್ರಾಣವನ್ನೇ ಕಳೆದುಕೊಂಡರೆಂದು ತಾಯಂದಿರು ಮುಂದೆ ವಿಚಾರಣಾ ಆಯೋಗದೆದುರು ಸಾಕ್ಷ್ಯ ನುಡಿದರು.

ಇದೆಲ್ಲವೂ ಅಜ್ಞಾನದಿಂದ ನಡೆದುದೆಂದು ತಿಳಿಯಲಾಗದು. ಹೀಗೆ ಸರಾಸರಿ ಹಾಕಿ ಸಾಲ ಹೊರಿಸುವುದು ಕಾಯಿದೆಗೆ ಒಪ್ಪುವುದಿಲ್ಲವೆಂದು ಸರಕಾರದ ಕಾನೂನು ಸಲಹೆಗಾರರೇ 2014ರಲ್ಲಿ ಬರೆದುಕೊಟ್ಟಿದ್ದರು. ಮಂತ್ರಿಮಂಡಲದ ಮುಂದೆ ಹೋದ ಕಡತದಲ್ಲಿ ಆ ಮಾತು ಇರಲಿಲ್ಲ. 2017ರಲ್ಲಿ ಮೇಲ್ಮನವಿಯ ನ್ಯಾಯಾಧಿಕರಣದ ಸದಸ್ಯರೊಬ್ಬರು ಇಂತಹ ಸಾಲ ನಿಲ್ಲತಕ್ಕುದಲ್ಲವೆಂದು ತೀರ್ಪಿತ್ತರು. ಸರಕಾರವು ಆ ತೀರ್ಪಿನ ಮೇಲೆ ಅಪೀಲು ಹೋಗಲಿಲ್ಲ, ಯೋಜನೆಯನ್ನೂ ನಿಲ್ಲಿಸಲಿಲ್ಲ. 2019ರ ನವೆಂಬರಿನಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ಸರಕಾರವೇ ಸೋಲೊಪ್ಪಿಕೊಳ್ಳಬೇಕಾಯಿತು. 2020ರ ಮೇ ತಿಂಗಳಲ್ಲಿ, ಸುಮಾರು 4,70,000 ಸಾಲಗಳಿಗೆ ಸಂಬಂಧಿಸಿದ 72 ಕೋಟಿ ಡಾಲರನ್ನು ಹಿಂದಿರುಗಿಸುವುದಾಗಿ ಪ್ರಕಟವಾಯಿತು. ಸುಮಾರು 4,33,000 ಜನರ ಮೇಲೆ ಒಟ್ಟು 176 ಕೋಟಿ ಡಾಲರಿನಷ್ಟು ಸಾಲವನ್ನು ಕಾಯಿದೆಗೆ ವಿರುದ್ಧವಾಗಿ ಹೊರಿಸಲಾಗಿತ್ತೆಂದು 2021ರಲ್ಲಿ ನ್ಯಾಯಾಲಯವು ಹೇಳಿತು. ಕ್ಯಾಥರೀನ್ ಹೋಮ್ಸ್ ಅವರ ಅಧ್ಯಕ್ಷತೆಯ ರಾಯಲ್ ಆಯೋಗವು 2023ರ ಜುಲೈಯಲ್ಲಿ ತನ್ನ ವರದಿಯನ್ನೊಪ್ಪಿಸಿ, ಈ ಯೋಜನೆಯನ್ನು ಅನ್ಯಾಯವೂ ಕ್ರೂರವೂ ಆದುದೆಂದು ಖಂಡಿಸಿತು.

ನಮ್ಮ ತರ್ಕಶಾಸ್ತ್ರವನ್ನು ಅಲ್ಪಸ್ವಲ್ಪ ಓದಿದ ವಿದ್ಯಾರ್ಥಿಯೂ ಈ ಯಂತ್ರದ ದೋಷವನ್ನು ಹೆಸರಿಸಿ ಹೇಳಬಲ್ಲನು. ಹೊಗೆಯಿಂದ ಬೆಂಕಿಯನ್ನು ಊಹಿಸುತ್ತೇವೆ. ಏಕೆಂದರೆ ಎಲ್ಲೆಲ್ಲಿ ಹೊಗೆಯಿದೆಯೋ ಅಲ್ಲೆಲ್ಲ ಬೆಂಕಿಯಿದೆಯೆಂಬ ವ್ಯಾಪ್ತಿ ನಮ್ಮ ಅನುಭವದಲ್ಲಿ ಸಿದ್ಧವಾಗಿದೆ. ‘ಇವನಿಗೆ ವರ್ಷದಲ್ಲಿ ಇಷ್ಟು ವರಮಾನವಿದೆ, ಆದುದರಿಂದ ಪ್ರತಿಯೊಂದು ಪಕ್ಷದಲ್ಲಿಯೂ ಅದರ ಇಪ್ಪತ್ತಾರನೆಯ ಒಂದು ಪಾಲಿದೆ’ ಎಂಬ ಅನುಮಾನದಲ್ಲಿ ಅಂತಹ ವ್ಯಾಪ್ತಿಯೆಲ್ಲಿದೆ? ತಿಂಗಳ ಸಂಬಳದ ನೌಕರನ ವಿಷಯದಲ್ಲಿ ಅದು ನಿಜವಾದೀತು. ದಿನಗೂಲಿಯವನ ವಿಷಯದಲ್ಲಿ ಸುಳ್ಳಾದೀತು. ಹೇತುವು ಒಂದೆಡೆ ಸಾಧ್ಯದೊಡನೆ ಇದ್ದು ಇನ್ನೊಂದೆಡೆ ಸಾಧ್ಯವಿಲ್ಲದಲ್ಲಿಯೂ ಕಂಡುಬಂದರೆ ಅದಕ್ಕೆ ಸವ್ಯಭಿಚಾರವೆಂಬ ಹೇತ್ವಾಭಾಸವೆಂದು ನೈಯಾಯಿಕರು ಹೆಸರಿಟ್ಟಿದ್ದಾರೆ. ಅಂತಹ ಹೇತುವಿನಿಂದ ಸಂಶಯ ಹುಟ್ಟಬಹುದೇ ಹೊರತು ನಿರ್ಣಯ ಹುಟ್ಟಲಾರದು. ಆಸ್ಟ್ರೇಲಿಯದ ಯಂತ್ರವು ಸಂಶಯಕ್ಕೆ ನಿರ್ಣಯದ ಅಂಗಿಯನ್ನು ತೊಡಿಸಿ ಅಂಚೆಗೆ ಹಾಕಿತು. ವೇಗವೂ ವಿಸ್ತಾರವೂ ಈ ದೋಷವನ್ನು ತಿದ್ದಲಾರವು. ಒಬ್ಬನ ತಪ್ಪನ್ನು ಲಕ್ಷ ಜನರಿಗೆ ಮುಟ್ಟಿಸಬಲ್ಲವು.

ಇಲ್ಲಿ ಕಲ್ಯಾಣದ ಭಂಡಾರದ ಪ್ರಸಂಗವು ಸಹಜವಾಗಿಯೇ ಸದ್ಭಕ್ತರ ಸ್ಮರಣೆಗೆ ಬರುವುದು. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ಜಂಗಮರಿಗೆ ವೆಚ್ಚಮಾಡಿ ಬರಿದುಗೊಳಿಸಿದರೆಂದು ಹೊಟ್ಟೆಕಿಚ್ಚಿನವರು ದೂರಿದರೆಂದೂ, ಅರಸನು ಲೆಕ್ಕ ಕೇಳಿದನೆಂದೂ, ಪೆಟ್ಟಿಗೆಗಳನ್ನು ತೆರೆದು ಎಣಿಸಿ ನೋಡಿದಾಗ ಹಣವು ಕಿಂಚಿತ್ತೂ ಕಡಿಮೆಯಾಗಿರಲಿಲ್ಲವೆಂದೂ ನಮ್ಮ ಪುರಾಣಗಳು ಹೇಳುತ್ತವೆ. ಭಕ್ತರು ಇದನ್ನು ಬಸವಣ್ಣನವರ ಮಹಿಮೆಯೆಂದು ಕೇಳಿ ಆನಂದಿಸುತ್ತಾರೆ, ಅದು ಯುಕ್ತವೇ. ಆದರೆ ರಾಜನೀತಿಯ ದೃಷ್ಟಿಯಿಂದ ಎರಡು ಸಂಗತಿಗಳು ಅಲ್ಲಿ ಅಡಗಿವೆ. ಕೋಪಗೊಂಡ ಬಿಜ್ಜಳನು ಕೂಡ, ‘ಇಷ್ಟು ಜನ ಜಂಗಮರು ಉಂಡಿದ್ದಾರೆ, ತಲೆಗೆ ಇಷ್ಟರಂತೆ ಹಿಡಿದರೆ ಇಷ್ಟು ಹೊನ್ನು ಹೋಗಿರಲೇಬೇಕು’ ಎಂದು ಊಹೆಯ ಗುಣಾಕಾರ ಮಾಡಿ ದಂಡ ವಿಧಿಸಲಿಲ್ಲ. ಪೆಟ್ಟಿಗೆಯನ್ನು ತೆರೆಸಿ, ಇರುವ ಹೊನ್ನನ್ನು ಎಣಿಸಿದನು. ಇದು ಮೊದಲನೆಯದು.

ಎರಡನೆಯದು ಇನ್ನೂ ಮುಖ್ಯವಾದುದು. ಬಸವಣ್ಣನವರು ಲೆಕ್ಕ ಒಪ್ಪಿಸಿದುದೇಕೆ? ಅವರು ಭಂಡಾರಿಗಳು. ಬೀಗದ ಕೈಯೂ ಲೆಕ್ಕದ ಕಡತವೂ ಅವರ ವಶದಲ್ಲಿದ್ದುವು. ಕಡತವು ಯಾರ ಕೈಯಲ್ಲಿದೆಯೋ ಲೆಕ್ಕ ಒಪ್ಪಿಸುವ ಹೊಣೆಯೂ ಅವರದೇ ಎಂಬುದು ಲೋಕನ್ಯಾಯ. ಆ ಭಂಡಾರದಿಂದ ಒಂದು ತುತ್ತು ಉಂಡು ಹೋದ ದಾರಿಗನನ್ನು ಐದು ವರ್ಷಗಳ ಮೇಲೆ ಹಿಡಿದು ತಂದು, ‘ಅಂದು ನಿನಗೆ ನಿಜವಾಗಿಯೂ ಹಸಿವಿತ್ತೆಂಬುದಕ್ಕೆ ಸಾಕ್ಷಿ ಕೊಡು’ ಎಂದು ಯಾರೂ ಕೇಳಲಿಲ್ಲ. ಇಂದಿನ ಸರಕಾರಗಳ ಕೈಯಲ್ಲಿ ಪ್ರಜೆಯ ಹುಟ್ಟು, ಸಂಬಳ, ಹೊಲ, ರೋಗ ಎಲ್ಲವುದರ ಕಡತವೂ ಇದೆ. ಪ್ರಜೆಯ ಕೈಯಲ್ಲಿ ಮಾಸಿದ ಒಂದು ಚೀಟಿ ಇದ್ದರೆ ಹೆಚ್ಚು. ದತ್ತಾಂಶವು ಬೆಳೆದಷ್ಟೂ ಸರಕಾರದ ಹೊಣೆ ಬೆಳೆಯಬೇಕಾಗಿತ್ತು. ಅಲ್ಲಿ ಆದುದು ತಲೆಕೆಳಗು: ಕಡತವೆಲ್ಲ ಇದ್ದವನು ಪ್ರಶ್ನೆ ಕೇಳಿದನು, ಏನೂ ಇಲ್ಲದವನು ಲೆಕ್ಕ ಒಪ್ಪಿಸಬೇಕಾಯಿತು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಸಾರ್ವಜನಿಕರ ಹಣವನ್ನು ಸುಳ್ಳು ಹೇಳಿ ನುಂಗುವವರಿಲ್ಲವೇ, ಅವರನ್ನು ಬಿಟ್ಟುಬಿಡಬೇಕೇ ಎಂಬುದೊಂದು. ಬಿಡಕೂಡದು. ಕಾಯಕವಿಲ್ಲದೆ ಪರರ ದುಡಿಮೆಯನ್ನು ಉಣ್ಣುವುದನ್ನು ಶರಣಧರ್ಮವು ಎಂದೂ ಒಪ್ಪಿಲ್ಲ. ಅನರ್ಹನು ಪಡೆದ ಒಂದು ರೂಪಾಯಿ ಅರ್ಹನೊಬ್ಬನ ತಟ್ಟೆಯಿಂದಲೇ ಹೋದುದು. ಆದರೆ ಕಳ್ಳನನ್ನು ಹುಡುಕುವ ಕಾಯಕ ಸರಕಾರದ ನೌಕರನದು. ಅದಕ್ಕಾಗಿ ಅವನು ಸಂಬಳ ಪಡೆಯುತ್ತಾನೆ. ತನ್ನ ಕಾಯಕವನ್ನು ಆಪಾದಿತನಿಂದಲೇ ಮಾಡಿಸಿಕೊಳ್ಳುವುದೂ ಒಂದು ಬಗೆಯ ಪರರ ದುಡಿಮೆಯನ್ನು ಉಣ್ಣುವುದಲ್ಲವೇ?

ಇನ್ನೊಂದು ಆಕ್ಷೇಪ ಹೆಚ್ಚು ಸೂಕ್ಷ್ಮವಾದುದು. ದೋಷವು ದತ್ತಾಂಶದ ಕೊರತೆಯಿಂದ ಬಂದುದು, ವರ್ಷದ ಮೊತ್ತಕ್ಕೆ ಬದಲಾಗಿ ಪಕ್ಷಪಕ್ಷದ ಮೊತ್ತ ಸಿಕ್ಕಿದ್ದರೆ ತಪ್ಪೇ ಆಗುತ್ತಿರಲಿಲ್ಲ, ಆದುದರಿಂದ ಇನ್ನೂ ಹೆಚ್ಚು ದತ್ತಾಂಶವನ್ನು ಕೂಡಿಸುವುದೇ ಪರಿಹಾರ ಎಂದು ಕೆಲವರು ಹೇಳುವರು. ಇದರಲ್ಲಿ ನಿಜಾಂಶವಿದೆ. ಆಸ್ಟ್ರೇಲಿಯದಲ್ಲಿಯೇ 2018ರಿಂದ, ಸಂಬಳ ಕೊಟ್ಟ ಪ್ರತಿಯೊಂದು ಸಲವೂ ಧಣಿಗಳು ತೆರಿಗೆ ಕಚೇರಿಗೆ ತಿಳಿಸುವ ಏರ್ಪಾಡು ಬಂದಿದೆ. ಅಂತಹ ನಿಖರವಾದ ಲೆಕ್ಕದಿಂದ ಬಡವನಿಗೆ ಅನುಕೂಲವೇ ಆದೀತು. ಆದರೂ ದತ್ತಾಂಶವು ಎಷ್ಟು ನುಣುಪಾದರೂ ಅದು ಬಾಳಿನ ಗುರುತೇ ಹೊರತು ಬಾಳಲ್ಲ. ಇಲ್ಲಿ ಬೇಕಾಗಿದ್ದ ಜ್ಞಾನವು ಒಂದು ಪತ್ರದಿಂದ, ಒಂದು ಮಾತಿನಿಂದ ದೊರೆಯುವಂತಹುದಾಗಿತ್ತು. ಕೇಳುವ ಮನಸ್ಸಿಲ್ಲದವನ ಮುಂದೆ ಕಡತಗಳ ಬೆಟ್ಟವನ್ನೇ ತಂದಿಟ್ಟರೂ ಅರಿವು ಬಂದೀತೇ?

ಅಷ್ಟೇ ಅಲ್ಲ, ಹೆಚ್ಚಿನ ದತ್ತಾಂಶವು ಹೆಚ್ಚಿನ ಅನ್ಯಾಯಕ್ಕೂ ದಾರಿಯಾಗಬಹುದು. ನೆದರ್ಲೆಂಡ್ಸ್ ದೇಶದಲ್ಲಿ ಮಕ್ಕಳ ಪಾಲನೆಯ ಸಹಾಯಧನವನ್ನು ಪಡೆಯುವವರಲ್ಲಿ ಮೋಸಗಾರರಾರೆಂದು ಊಹಿಸಲು ತೆರಿಗೆ ಇಲಾಖೆಯು ಕಂಪ್ಯೂಟರನ್ನು ಬಳಸಿತು. ಅರ್ಜಿದಾರನು ಡಚ್ ಪ್ರಜೆಯೋ ಅಲ್ಲವೋ ಎಂಬುದನ್ನೂ ಅದಕ್ಕೆ ಒಂದು ಗುರುತಾಗಿ ಕೊಟ್ಟಿದ್ದರು. ಸಹಸ್ರಾರು ಕುಟುಂಬಗಳು ಮಾಡದ ತಪ್ಪಿಗೆ ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಆ ದೇಶದ ಮಂತ್ರಿಮಂಡಲವೇ ರಾಜೀನಾಮೆಯಿತ್ತಿತು. ಹುಟ್ಟನ್ನು ಕೇಳಿ ಗುಣವನ್ನು ನಿಶ್ಚಯಿಸುವ ಹಳೆಯ ರೋಗವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಹಳಿದಿದ್ದರು. ಅದು ಯಂತ್ರದ ಬಾಗಿಲಿನಿಂದ ಒಳಬಂದಾಗ ಗುರುತಿಸುವುದು ಕಷ್ಟ. ಯಂತ್ರಕ್ಕೆ ಪಕ್ಷಪಾತವಿಲ್ಲವೆಂಬ ನಂಬಿಕೆ ಜನರಲ್ಲಿ ಬೇರೂರಿರುವುದೇ ಇದಕ್ಕೆ ಕಾರಣ.

ನಮ್ಮ ದೇಶವು ಈ ದಾರಿಯಲ್ಲಿ ಬಹು ವೇಗವಾಗಿ ಸಾಗುತ್ತಿದೆ. ಆಧಾರ್ ಸಂಖ್ಯೆಯ ಮೂಲಕ ರೇಷನ್, ಪಿಂಚಣಿ, ರೈತರ ಸಹಾಯಧನಗಳು ನೇರವಾಗಿ ತಲುಪುವಂತಾಗಿ, ನಡುವೆ ಕೈಯೊಡ್ಡುತ್ತಿದ್ದವರು ಎಷ್ಟೋ ಕಡಿಮೆಯಾದರು, ಇದನ್ನು ಮರೆಯಲಾಗದು. ಬೆರಳಿನ ರೇಖೆಗಳು ಸವೆದ ಮುದುಕರು ರೇಷನ್ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗಿದುದನ್ನೂ ಮರೆಯಲಾಗದು. ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮುಂದೆ 2012ರಲ್ಲಿ ಇಟ್ಟವರು ಕನ್ನಡ ನಾಡಿನವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅವರ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮರುವರ್ಷ ಐವರ ಪೀಠವು ಬಹುಮತದಿಂದ, ಸರಕಾರದ ಸಹಾಯಧನಗಳಿಗೆ ಆಧಾರನ್ನು ಬಳಸುವುದನ್ನು ಎತ್ತಿಹಿಡಿಯಿತು; ಖಾಸಗಿ ಕಂಪನಿಗಳು ಅದನ್ನು ಕೇಳಲು ಎಡೆಕೊಟ್ಟಿದ್ದ ವಿಧಿಯನ್ನು ತಳ್ಳಿಹಾಕಿತು.

2023ರಲ್ಲಿ ನಮ್ಮ ಸಂಸತ್ತು ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಕಾಯಿದೆಯೊಂದನ್ನು ಮಾಡಿದೆ. ಒಬ್ಬನ ವಿಷಯವಾಗಿ ನಿರ್ಣಯ ಕೈಕೊಳ್ಳಲು ಬಳಸುವ ದತ್ತಾಂಶವು ಪೂರ್ಣವೂ ನಿಖರವೂ ಆಗಿರಬೇಕೆಂಬುದು ಅದರಲ್ಲಿಯ ಒಂದು ನಿಯಮ. ಒಳ್ಳೆಯ ನಿಯಮವೇ. ಆದರೆ ಆಸ್ಟ್ರೇಲಿಯದ ತೆರಿಗೆ ಕಚೇರಿಯ ಅಂಕಿಯೂ ನಿಖರವಾಗಿಯೇ ಇತ್ತೆಂಬುದನ್ನು ಗಮನಿಸಬೇಕು. ಅವನು ಆ ವರ್ಷ 26,000 ಡಾಲರು ಗಳಿಸಿದ್ದುದು ದಿಟ. ಸುಳ್ಳು ಹುಟ್ಟಿದುದು ಅಂಕಿಯಿಂದ ತೆಗೆದ ತೀರ್ಮಾನದಲ್ಲಿ. ಅಂಕಿಯನ್ನು ಮಾತ್ರ ಕಾಯುವ ಕಾಯಿದೆಯು ಇಂತಹ ಸುಳ್ಳನ್ನು ಹಿಡಿಯಲಾರದು.

ಆದುದರಿಂದ ಇನ್ನೂ ಒಂದು ಕಟ್ಟುಪಾಡು ಅವಶ್ಯ. ಯೋಜನೆಗಳನ್ನು ರೂಪಿಸುವಾಗ, ಶಾಲೆ ಎಲ್ಲಿ, ಆಸ್ಪತ್ರೆ ಎಲ್ಲಿ, ನೀರಿನ ಕೊಳವೆ ಎಲ್ಲಿ ಎಂದು ನಿಶ್ಚಯಿಸುವಾಗ, ಸಮೂಹದ ಲೆಕ್ಕವನ್ನು ಸರಕಾರವು ಬೇಕಾದಷ್ಟು ಬಳಸಲಿ. ಆದರೆ ಒಬ್ಬನ ಪಡಿತರವನ್ನೋ ಪಿಂಚಣಿಯನ್ನೋ ನಿಲ್ಲಿಸುವ ಮುನ್ನ ಒಬ್ಬ ಅಧಿಕಾರಿಯು ಅವನ ಮಾತನ್ನು ಕೇಳಿ, ನಿಜವನ್ನು ತಾನೇ ವಿಚಾರಿಸಿ, ತನ್ನ ಹೆಸರನ್ನು ಬರೆದು ರುಜು ಹಾಕಬೇಕು; ಅಲ್ಲಿಯವರೆಗೆ ಅವನ ಪಡಿಯನ್ನು ಮುಟ್ಟಕೂಡದು. ಹೀಗೆ ಮಾಡಿದರೆ ಖರ್ಚು ಬಹಳವಾಗುತ್ತದೆಂದು ಹೇಳುವವರಿಗೆ ರಾಯಲ್ ಆಯೋಗದ ವರದಿಯಲ್ಲಿಯೇ ಉತ್ತರವಿದೆ. ಕೋಟಿಗಟ್ಟಲೆ ಉಳಿತಾಯವಾಗುವುದೆಂದು ಪ್ರಾರಂಭಿಸಿದ ಆ ಯೋಜನೆಯಲ್ಲಿ, ಹಿಂದಿರುಗಿಸಿದ ಹಣವನ್ನು ಕಳೆದು ನೋಡಿದಾಗ, ವಸೂಲಾಗಿ ಉಳಿದುದಕ್ಕಿಂತ ಯೋಜನೆಯನ್ನು ನಡೆಸಲು ತಗಲಿದ ವೆಚ್ಚವೇ ಹೆಚ್ಚಾಗಿತ್ತು.